ಕಾಲುಂಗುರ ಇಲ್ಲದ ಬೆರಳು

ಮುನಿರಾಜು ಹೆಂಡತಿ ಕುಸುಮಳ ಪಾದಕ್ಕೆ ಪಾಲಿಥೀನ್ ಕವರು ತೊಡಿಸಿದ. ತರಕಾರಿ ಹಾಕಿಕೊಡುವ ತೆಳ್ಳನೆಯ ಕವರು. ಅದರ ಮೇಲೆ ಆಸ್ಪತ್ರೆಯಲ್ಲಿ ಕೊಟ್ಟ ಬಿಳಿಯ ಬಿಗಿ ಕಾಲುಚೀಲವನ್ನು ಹಿಮ್ಮಡಿಯವರೆಗೆ ಜಾರಿಸಿದ. ಆಮೇಲೆ ಸುರುಳಿ ಬಿಡಿಸುತ್ತ, ಒಂದು ಸುಕ್ಕೂ ಉಳಿಯದಂತೆ ಮೇಲಕ್ಕೆಳೆದ. ಕೊನೆಗೆ ಬೆರಳ ತುದಿಯ ತೂತಿನಿಂದ ಕವರನ್ನು ಮೆಲ್ಲಗೆ ಹೊರಗೆ ತೆಗೆದುಕೊಂಡ.

ಆ ತೂತು ಇರುವುದು ರಕ್ತ ಓಡುತ್ತಿದೆಯೇ ಎಂದು ಬೆರಳುಗಳ ಬಣ್ಣ ನೋಡುವುದಕ್ಕೆ. ಅವನು ಅವಳ ಹೆಬ್ಬೆರಳಿನ ಉಗುರನ್ನು ಒತ್ತಿ ಬಿಟ್ಟ. ಉಗುರು ಬೆಳ್ಳಗಾಯಿತು... ಮತ್ತೆ ಕೆಂಪಾಯಿತು. ಅವನು ಇನ್ನೊಂದು ಕಾಲನ್ನು ಎತ್ತಿಕೊಂಡ.

ಹೆಬ್ಬೆರಳಿನ ಪಕ್ಕದ ಬೆರಳಿನಲ್ಲಿ ಕಾಲುಂಗುರ ಇರಲಿಲ್ಲ. ಅದು ಕೂತಿದ್ದ ಜಾಗದಲ್ಲಿ ಒಂದು ಬಿಳಿ ಗೆರೆ ಮಾತ್ರ ಇತ್ತು. ಅವನು ಎಲ್ಲ ಬೆರಳುಗಳನ್ನೂ ನೋಡುತ್ತಿದ್ದ, ಆ ಗೆರೆಯ ಹತ್ತಿರ ಬಂದಾಗ ಮಾತ್ರ ಕಣ್ಣು ಆಚೆ ತಿರುಗಿಸುತ್ತಿದ್ದ.

ಕುಸುಮ ಅದನ್ನು ದಿನವೂ ಗಮನಿಸುತ್ತಿದ್ದಳು.

ಅವನು ಎದ್ದ ಮೇಲೆ, ಅವನು ಕೈಯೂರಿದ್ದ ಮಂಚದ ಅಂಚನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು. ಗಂಡ ಹೆಂಡತಿಯ ಕಾಲು ಮುಟ್ಟಬಾರದು. ಬಗ್ಗಿ ಅವನ ಕಾಲಿಗೆ ನಮಸ್ಕರಿಸಲು ಹೊಟ್ಟೆಯ ಹೊಲಿಗೆ ಬಿಡುತ್ತಿರಲಿಲ್ಲ. ಮೊದಲೆಲ್ಲ ನಿದ್ದೆಯಲ್ಲಿ ಕಾಲು ತಾಗಿ ಅವಳು ಹೀಗೆ ಕಣ್ಣಿಗೊತ್ತಿಕೊಂಡರೆ, "ಸಾಕು ಮಲಗೆ, ನಾನೇನು ಗವಿ ಗಂಗಾಧರೇಶ್ವರನಾ?" ಎಂದು ನಗುತ್ತಿದ್ದ.

"ಗಂಜಿ ಮುಚ್ಚಿಟ್ಟಿದೀನಿ" ಎಂದಷ್ಟೇ ಹೇಳಿ, ತೂಕದ ಕಲ್ಲುಗಳ ಚೀಲ ಎತ್ತಿಕೊಂಡು ಹೊರಟುಹೋದ.

ಆ ತೂಕದ ಕಲ್ಲಿನಿಂದಲೇ ಅಲ್ಲವೇ ಎಲ್ಲ ಶುರುವಾದದ್ದು...

ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ಕುಸುಮ ಗಾಂಧಿಬಜಾರಿನಲ್ಲಿ ಅವ್ವ ಲಕ್ಕಮ್ಮನ ಸೊಪ್ಪಿನ ರಾಶಿಯ ಹಿಂದೆ ಕೂತಿರುತ್ತಿದ್ದಳು. ಪಕ್ಕದ ತರಕಾರಿ ತಳ್ಳುಗಾಡಿ ಮುನಿರಾಜುವಿನದು. ಅವಳಿಗೆ ಇಪ್ಪತ್ತು ತುಂಬಿದ ವರ್ಷ ಒಂದು ದಿನ ಅವನ ಕೈ ಜಾರಿ ಅರ್ಧ ಕೆಜಿ ಕಲ್ಲು ಅವಳ ಪಾದದ ಮೇಲೆ ಬಿತ್ತು. ಅವನು ಅಷ್ಟು ಜನರ ನಡುವೆ ಕುಕ್ಕರುಗಾಲಲ್ಲಿ ಕೂತು, ತಲೆಯ ಟವೆಲಿನಿಂದ ಅವಳ ಪಾದವನ್ನು ಒತ್ತಿ ಹಿಡಿದುಬಿಟ್ಟ.

"ಬಿಡಿ, ಜನ ನೋಡ್ತಾವ್ರೆ..."

"ನೋಡ್ಲಿ. ರಕ್ತ ನಿಲ್ಲೋವರೆಗೂ ಬಿಡಲ್ಲ."

ಲಕ್ಕಮ್ಮ ಸೊಪ್ಪಿಗೆ ನೀರು ಚಿಮುಕಿಸುತ್ತ, "ಬಜಾರಲ್ಲಿ ಕಾಲು ಹಿಡ್ಕೊಂಡ ಮೇಲೆ ಮನೆಗೆ ಬಂದು ಕೈನೂ ಕೇಳ್ಬೇಕಾಗ್ತದೆ ಕಣಪ್ಪ" ಎಂದಿದ್ದಳು. ಸುತ್ತಲಿನವರು ನಕ್ಕಿದ್ದರು. ಅವನು ನಗಲಿಲ್ಲ. ಮುಂದಿನ ವಾರವೇ ಕೇಳಲು ಬಂದ.

ಮದುವೆಯ ದಿನ ಅದೇ ಪಾದವನ್ನು ಕಲ್ಲಿನ ಮೇಲಿಟ್ಟು ಕಾಲುಂಗುರ ತೊಡಿಸುವಾಗ, ಹಳೆಯ ಗಾಯದ ಕಲೆಯನ್ನು ಯಾರಿಗೂ ಕಾಣದಂತೆ ಸವರಿದ್ದ. ಈಗ ಅದೇ ಕೈ ಅವಳ ಕಾಲನ್ನು ಔಷಧಿ ಅಂಗಡಿಯ ಸಾಮಾನಿನ ಹಾಗೆ ಎತ್ತಿ ಇಡುತ್ತಿದೆ. ಆಸ್ಪತ್ರೆಯಿಂದ ಬಂದಾಗಿನಿಂದ ಅವನ ಬಾಯಲ್ಲಿ ಗಂಜಿ, ಮಾತ್ರೆ, ಮಲಗು ಇಷ್ಟೇ.

ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ರಕ್ತ ನಿಲ್ಲದೆ ಗರ್ಭಕೋಶವನ್ನೂ ತೆಗೆದಿದ್ದರು. ಕುಸುಮಳಿಗೆ ಎಚ್ಚರವಾಗುವ ಹೊತ್ತಿಗೆ ಮಣ್ಣು ಮಾಡಿಯೂ ಆಗಿತ್ತು. ಅವಳ ಎದೆಯ ಹಾಲಿಗೆ ಮಾತ್ರ ಯಾರೂ ಸುದ್ದಿ ಮುಟ್ಟಿಸಿರಲಿಲ್ಲ. ಈಗಲೂ ಪಕ್ಕದ ಮನೆಯ ಕೂಸು ಅತ್ತರೆ ರವಿಕೆ ಒದ್ದೆಯಾಗುತ್ತದೆ.

ಬಿಸಿಲೇರುವ ಹೊತ್ತಿಗೆ ಮುನಿರಾಜುವಿನ ಸೋದರತ್ತೆ ತಿಮ್ಮಕ್ಕ ಮೆಣಸಿನ ಸಾರು ತಂದಳು.

"ಇದೇನೆ ಕುಸ್ಮಾ, ನಾಟಕದವ್ರ ಥರ ಬಿಳೀ ಸಾಕ್ಸು?"

"ಕಾಲಲ್ಲಿ ರಕ್ತ ಹೆಪ್ಪುಗಟ್ಟಬಾರದು ಅಂತ ಕೊಟ್ಟವ್ರೆ ಅತ್ತೆ. ಹೆಪ್ಪು ಎದೆಗೆ ಹೋದ್ರೆ ಉಸಿರೇ ನಿಂತೋಗ್ತದಂತೆ. ಮಹಾನಂದ ಸಿಸ್ಟರ್ ಹೇಳಿದ್ರು."

"ನಾನು ಆರು ಹೆತ್ತೆ. ಮೈ ಒಣಗೋ ಮುಂಚೆ ಸೊಪ್ಪಿನ ಮಂಕರಿ ಹೊತ್ತೆ. ನಮಗ್ಯಾವ ಮಹಾನಂದ ಸಾಕ್ಸು ಹಾಕಿದ್ಲು? ಹೋಗ್ಲಿ, ಯಾರು ಹಾಕ್ತಾರೆ ಇದನ್ನ?"

"ಅವರೇ."

"ಗಂಡನ ಕೈಲಿ ಕಾಲು ಮುಟ್ಟಿಸ್ಕೋತೀಯಾ?" ತಿಮ್ಮಕ್ಕ ತೂತಿನೊಳಗೆ ಕಾಣುತ್ತಿದ್ದ ಬೆರಳನ್ನೇ ನೋಡಿದಳು. "ಕಾಲುಂಗುರ ಎಲ್ಲೇ?"

"ಆಪರೇಷನ್‌ಗೆ ಮುಂಚೆ ತೆಗೆದ್ರು. ಇವರ ಹತ್ರ ಕೊಟ್ಟವ್ರೆ."

"ವಾಪಸ್ ಕೊಟ್ಟಿಲ್ವಾ? ನೀನು ಕೇಳಿದ್ಯಾ?"

ಕುಸುಮ ತಲೆ ತಗ್ಗಿಸಿದಳು.

ತಿಮ್ಮಕ್ಕ ಮಂಚದ ಮೇಲೆ ಕೂತು ದನಿ ಇಳಿಸಿದಳು. "ನಾನು ಕೆಟ್ಟೋಳು ಅನ್ಕೋಬೇಡ ಮಗ. ಇನ್ಯಾರೂ ಹೇಳಲ್ಲ ಅಂತ ಹೇಳ್ತಿದೀನಿ. ಗರ್ಭಕೋಶಾನೇ ತೆಗೆದವ್ರೆ. ಅವನಿಗಿನ್ನೂ ಮೂವತ್ತು ತುಂಬಿಲ್ಲ. ಅಕ್ಕಿಪೇಟೇಲಿ ನನ್ನ ನಾದಿನಿ ಮಗಳವ್ಳೆ, ಮೊನ್ನೆ ಅವನ ಹತ್ರ ಮಾತೆತ್ತಿದೆ. ಹೂಂ ಅನ್ಲಿಲ್ಲ... ಊಹೂಂನೂ ಅನ್ಲಿಲ್ಲ. ತೊಡಿಸಿದ ಕಾಲುಂಗುರಾನ ಗಂಡಸು ತಾನೇ ಇಟ್ಕೊಂಡು ಓಡಾಡ್ತಾನೆ ಅಂದ್ರೆ ನೀನೇ ಅರ್ಥ ಮಾಡ್ಕೋ. ನಿನ್ನೇನು ಬೀದಿಗೆ ಬಿಡಲ್ಲ ಅವ್ನು. ಸಾರು ಬಿಸಿ ಇದ್ದಾಗ್ಲೇ ಉಣ್ಣು."

ತಿಮ್ಮಕ್ಕ ಹೋದ ಮೇಲೆ ಸಾರು ಆರಿತು.

ಅದಕ್ಕೇ ಆ ಗೆರೆಯನ್ನು ನೋಡುವುದಿಲ್ಲವೇ ಅವನು? ಕೊಡಬೇಕಾಗುತ್ತದೆ ಅಂತ ಕಣ್ಣು ತಿರುಗಿಸುವುದೇ? ಮತ್ತೆ ಯಾಕೆ ದಿನಾ ಕಾಲು ಹಿಡಿಯಬೇಕು... ಕರ್ತವ್ಯಕ್ಕೋ? ಹೋಗುವ ಮುಂಚೆ ಋಣ ತೀರಿಸಿಕೊಳ್ಳುವುದಕ್ಕೋ?

ಕುಸುಮ ಹಲ್ಲು ಕಚ್ಚಿಕೊಂಡು ಕಾಲು ಮಡಚಿದಳು. ಹೊಲಿಗೆ ಎಳೆಯಿತು. ಎರಡೂ ಕಾಲುಚೀಲಗಳನ್ನು ಸುರುಳಿ ಮಾಡಿ ಕಿತ್ತು ನೆಲಕ್ಕೆ ಹಾಕಿದಳು. ಹೆಪ್ಪುಗಟ್ಟುವುದಾದರೆ ಗಟ್ಟಲಿ. ಗೋಡೆಯ ಕಡೆ ತಿರುಗಿ ಮಲಗಿದಳು.

ಮಧ್ಯಾಹ್ನ ಮನೆಗೆ ಬಂದ ಮುನಿರಾಜು ಬಾಗಿಲಲ್ಲೇ ನಿಂತುಬಿಟ್ಟ. ಕಲ್ಲುಗಳ ಚೀಲ ಕೈಯಿಂದ ಧಡ್ಡನೆ ಬಿತ್ತು.

"ಯಾಕೆ ತೆಗ್ದೆ?"

ಅವಳು ಗೋಡೆಯ ಕಡೆಯಿಂದ ತಿರುಗಲಿಲ್ಲ.

"ಕುಸ್ಮಾ, ಯಾಕೆ ತೆಗ್ದೆ? ಯಾವಾಗ ತೆಗ್ದೆ? ನೋವಿದೆಯಾ? ಮೀನಖಂಡ ಬಿಗೀತಿದೆಯಾ? ಉಸಿರು ಸರಿಯಾಗಿ ಬರ್ತಿದೆಯಾ, ಹೇಳು." ಅವನು ಮಂಚದ ಬಳಿ ಕುಸಿದು ಅವಳ ಕಾಲುಗಳನ್ನು ಮುಟ್ಟಿ ಮುಟ್ಟಿ ನೋಡಿದ.

ಎಷ್ಟು ದಿನಕ್ಕೆ ಇಷ್ಟು ಮಾತು... ಅವನತ್ತ ಹೊರಳಿದವಳಿಗೆ ಅಳು ಒತ್ತರಿಸಿ ಬಂತು.

"ಬಿಡಿ. ನಾನು ಹೋದ್ರೆ ನಿಮಗೂ ಸಲೀಸು. ಅಕ್ಕಿಪೇಟೆಯೋಳನ್ನ ಕರ್ಕೊಂಡ್ಬನ್ನಿ."

"ಯಾವ ಅಕ್ಕಿಪೇಟೆ?"

"ಅತ್ತೆ ನಿಮ್ಮ ಹತ್ರ ಮಾತಾಡಿದ್ರಂತೆ. ನೀವು ಬೇಡ ಅನ್ಲಿಲ್ಲವಂತೆ."

ಅವನು ಪೆಚ್ಚಾಗಿ ಅವಳನ್ನು ನೋಡಿದ. "ಅತ್ತೆ ಏನಂದ್ರೋ ನಂಗೆ ಕೇಳಿಸ್ಲೇ ಇಲ್ಲ ಕಣೆ. ಯಾರು ಏನಂದ್ರೂ ಕಿವಿಗೆ ಹೋಗ್ತಿಲ್ಲ. ಟೊಮ್ಯಾಟೊ ಕೇಳಿದೋರಿಗೆ ಬದನೆಕಾಯಿ ತೂಗಿ ಬೈಸ್ಕೋತಿದೀನಿ."

"ಹಾಗಾದ್ರೆ ನನ್ನ ಕಾಲುಂಗುರ ಕೊಡಿ."

ಅವನ ಕೈ ನಿಂತಿತು.

ಅವನು ಅಂಗಿಯ ಒಳಜೇಬಿನಿಂದ ಕರ್ಚೀಫಿನ ಗಂಟು ತೆಗೆದು ಬಿಚ್ಚಿದ. ಎರಡು ಬೆಳ್ಳಿಯ ಉಂಗುರಗಳು. ಎರಡೂ ಕತ್ತರಿಸಿ ಬಾಯಿ ಬಿಟ್ಟುಕೊಂಡಿದ್ದವು.

"ಕಾಲು ಊದ್ಕೊಂಡಿತ್ತು. ಸೋಪು ಹಚ್ಚಿದ್ರು, ಎಣ್ಣೆ ಹಚ್ಚಿದ್ರು, ಬರ್ಲಿಲ್ಲ. ಕತ್ತರಿಸ್ಬೇಕು, ಬೇಗ ಹೇಳಪ್ಪ ಅಂದ್ರು. ಗಂಡ ಬದುಕಿರೋವಾಗ ಕಾಲುಂಗುರ ಕತ್ತರಿಸಿದ್ರೆ ಗಂಡನಿಗೆ ಕೇಡು ಅಂತಾರಲ್ಲ... ನಾನು ಕತ್ತರಿಸಿ ಅಂದೆ. ಗಂಗಾಧರೇಶ್ವರ, ಬರೋ ಕೇಡೆಲ್ಲ ನನಗೇ ಬರ್ಲಿ, ಒಳಗಿರೋ ಇಬ್ಬರೂ ಉಳೀಲಿ ಅಂತ ಬೇಡ್ಕೊಂಡೆ."

ಅವನು ಒಂದು ಉಂಗುರದ ಬಾಯಿಯನ್ನು ಬೆರಳಿನಿಂದ ಒತ್ತಿ ಮುಚ್ಚಲು ನೋಡಿದ.

"ನನಗೇನೂ ಆಗ್ಲಿಲ್ಲ ಕಣೆ. ನನಗೆ ಬರ್ಬೇಕಾದ ಕೇಡು ಅವಳ ಹತ್ರ ಹೋಯ್ತು."

ಕುಸುಮಳ ಕಣ್ಣು ಉಂಗುರದಿಂದ ಅವನ ಮುಖಕ್ಕೆ ಬಂತು.

"ನೀನು ಉಂಗುರ ಕೇಳಿದ್ರೆ ಯಾವ ಮುಖದಲ್ಲಿ ಇದನ್ನ ತೋರಿಸ್ಲಿ ಅಂತ ಬಾಯೇ ಬಿಡ್ಲಿಲ್ಲ. ದಿನಾ ನಿನ್ನ ಉಗುರು ಒತ್ತಿ ನೋಡ್ತೀನಲ್ಲ... ಅದು ಮತ್ತೆ ಕೆಂಪಾಗೋವರೆಗೂ ನನಗೆ ಉಸಿರಿರಲ್ಲ. ನೀನೂ ಹೋದ್ರೆ ಈ ಮನೇಲಿ ನಾನು ಯಾರಿಗೆ ಗಂಜಿ ಮುಚ್ಚಿಡ್ಲಿ?"

ಅವಳು ಕೈ ಚಾಚಿ ಅವನ ತಲೆಯನ್ನು ಮಂಚದ ಅಂಚಿಗೆ ಎಳೆದುಕೊಂಡಳು. ಅವನ ಕೂದಲಲ್ಲಿ ಮೆಂತ್ಯದ ಸೊಪ್ಪಿನ ವಾಸನೆಯಿತ್ತು. ಅವನು ಮಗುವಿನ ಹಾಗೆ ಅತ್ತ. ಅವಳ ರವಿಕೆ ಒದ್ದೆಯಾಯಿತು.

"ಇವನ್ನೇ ಬೆಸೆಸ್ಕೊಂಡ್ಬನ್ನಿ" ಎಂದಳು. "ಹೊಸದು ಬೇಡ. ಊತ ಇಳಿದ ಮೇಲೆ ನೀವೇ ತೊಡಿಸಿ."

"ಬೆಸುಗೆ ಗೆರೆ ಕಾಣ್ತದೆ."

"ಕಾಣ್ಲಿ."

ಅವನು ಮೂಗು ಒರೆಸಿಕೊಂಡು, ಅವಳ ಕಾಲಡಿಗೆ ದಿಂಬಿಟ್ಟು ಸ್ವಲ್ಪ ಹೊತ್ತು ಎತ್ತರದಲ್ಲಿ ಇರಿಸಿದ. ನೆಲದಿಂದ ಕಾಲುಚೀಲಗಳನ್ನು ಎತ್ತಿ ಕೊಡವಿದ. ಪಾದಕ್ಕೆ ಪಾಲಿಥೀನ್ ಕವರು ತೊಡಿಸಿದ. ಈ ಸಲ ಕವರಿನ ಮೇಲಿಂದಲೇ ಆ ಬಿಳಿ ಗೆರೆಗೆ ಬೆರಳಿಟ್ಟು, ಮದುವೆಯ ದಿನ ಕಲೆಯನ್ನು ಸವರಿದ್ದ ಹಾಗೆ ಸವರಿದ.

ಕುಸುಮ ಸೂರನ್ನು ನೋಡುತ್ತ ಮಲಗಿದ್ದಳು. ಅವ್ವ, ಅತ್ತೆ, ಸಿಸ್ಟರು, ಎಲ್ಲರೂ ಮಗುವನ್ನು "ಅದು" ಅಂದಿದ್ದರು. ಅದು ಹೋಯ್ತು, ಅದನ್ನ ಮರೆತುಬಿಡು... ಅವನೊಬ್ಬನೇ "ಅವಳು" ಅಂದ. ಅವನೊಬ್ಬನೇ ಅವಳನ್ನು ನೋಡಿದ್ದು. ಅವನೊಬ್ಬನೇ ಎತ್ತಿಕೊಂಡದ್ದು.

"ರೀ..."

"ಹೂಂ."

"ಅವಳ ಮುಖ ಹೇಗಿತ್ತು?"

ಕಾಲುಚೀಲ ಹಿಮ್ಮಡಿಯ ಹತ್ತಿರ ನಿಂತಿತು. ಅವನು ತಲೆ ಎತ್ತಲಿಲ್ಲ. ಇಲ್ಲದ ಸುಕ್ಕೊಂದನ್ನು ಹೆಬ್ಬೆರಳಿನಿಂದ ನೀವತೊಡಗಿದ, ನೀವುತ್ತಲೇ ಇದ್ದ. ಅವನ ಕೈಯಡಿಯಲ್ಲಿ ಕವರು ಸಣ್ಣಗೆ ಸದ್ದು ಮಾಡುತ್ತಿತ್ತು.

"ಕೂದಲಿತ್ತಾ? ಅಷ್ಟಾದ್ರೂ ಹೇಳಿ."