ಅಪ್ಪ ಬೆರೆಸಿದ ನೀಲಿ

"ಎಂಜಿನ್ ಬಣ್ಣ ತಪ್ಪಾಗಿದೆ."

ಬಾನೆಟ್ ಒಳಗೆ ಬಗ್ಗಿದ್ದವನು ತಲೆ ಎತ್ತದೆಯೇ ಹೇಳಿದ. ಬಂಪರ್ ಒರೆಸುತ್ತಿದ್ದ ವಾಂಡಾಳ ಕೈ ಅಲ್ಲೇ ನಿಂತಿತು.

ವರ್ಷವಿಡೀ ಆ ಕಾರಿಗಾಗಿ ಮೈ ಮುರಿದು ದುಡಿದಿದ್ದಳು ಅವಳು. ಸಾವಿರದ ಒಂಬೈನೂರ ಅರವತ್ತಾರರ ಮಾರ್ಲೋ. ಅಮೆರಿಕದ ಮಿಷಿಗನ್‌ನ ಇದೇ ಊರಿನ ಕಾರ್ಖಾನೆಯಲ್ಲಿ ಹುಟ್ಟಿದ ಕಾರು. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿದ್ದರೂ ಅದರ ಹಳೆಯ ಕೆಲಸಗಾರರು ಪ್ರತಿ ಬೇಸಿಗೆ ಅದೇ ಅಂಗಳದಲ್ಲಿ ತಮ್ಮ ಕಾರುಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದರು. ಹೊಸದಾಗಿ ಹೊರಬಿದ್ದ ದಿನ ಕಾರು ಹೇಗಿತ್ತೋ ಹಾಗೇ ಇರಬೇಕು, ಅದೇ ಪಂದ್ಯ. ಈ ಸಲ ತೀರ್ಪು ಹೇಳಲು ಪಕ್ಕದ ಊರಿನಿಂದ ಗ್ರೇಡಿ ಹೋಲ್ಟ್ ಬಂದಿದ್ದ. ಅವನೂ ಹಳೇ ಕಾರು ರಿಪೇರಿಯವನೇ.

"ಸರಿಯಾಗಿ ನೋಡಿ ಮಾತಾಡಿ," ಎಂದಳು ವಾಂಡಾ. ಅವಳಿಗೆ ಮೂಗಿನ ತುದಿಯಲ್ಲೇ ಕೋಪ. "ಈ ಬಣ್ಣ ಬೆರೆಸಿದ್ದು ನಮ್ಮಪ್ಪ. ಕಾರ್ಖಾನೇಲಿ ಎಂಜಿನ್‌ಗಳಿಗೆ ಬಣ್ಣ ಹೊಡೀತಿದ್ದವರೇ ಅವರು."

"ಗೊತ್ತು. ಆದ್ರೂ ಇದು ನೀಲಿ ಜಾಸ್ತಿ. ಮಾರ್ಲೋ ಎಂಜಿನ್ ಹಸಿರಿಗೆ ವಾಲಬೇಕು."

ಸುತ್ತ ಇದ್ದ ಮುದುಕರೆಲ್ಲ ಗೊಳ್ಳೆಂದು ನಕ್ಕರು. "ಕ್ಯಾಜ್, ಕೇಳಿಸ್ಕೊಂಡ್ಯಾ? ಈ ಹುಡುಗ ನಿನಗೇ ಬಣ್ಣ ಹೇಳ್ಕೊಡ್ತಾನಂತೆ!"

ಮಡಿಸುವ ಕುರ್ಚಿಯಲ್ಲಿ ಕೂತಿದ್ದ ವಾಂಡಾಳ ಅಪ್ಪ ಕ್ಯಾಜ್ ನೊವಿಟ್ಸ್ಕಿ ಮೆಲ್ಲಗೆ ಎದ್ದ. ಎಪ್ಪತ್ತು ದಾಟಿದ ಮನುಷ್ಯ. ಬಣ್ಣದ ಮಾತು ಬಂದರೆ ಆ ಊರಲ್ಲಿ ಅವನದೇ ಕೊನೆಯ ಮಾತು. ಗ್ರೇಡಿ ಅವನನ್ನೇ ಒಂದು ಕ್ಷಣ ದಿಟ್ಟಿಸಿ, ಹತ್ತಿರ ಹೋಗಿ ತಗ್ಗಿದ ದನಿಯಲ್ಲಿ ಕೇಳಿದ.

"ಸರ್, ನನ್ನ ಶರ್ಟ್ ಯಾವ ಬಣ್ಣ?"

"ಕಪ್ಪು. ಯಾಕಪ್ಪಾ, ಅದೂ ಗೊತ್ತಿಲ್ವಾ ನಿಂಗೆ?"

ಮತ್ತೆ ನಗು. ಗ್ರೇಡಿ ಮಾತ್ರ ನಗಲಿಲ್ಲ. ವಾಂಡಾ ತಿರುಗಿ ನೋಡಿದಳು... ಅವನ ಶರ್ಟ್ ಕಡುನೀಲಿ!

'ನಾಲ್ಕು ಜನರ ಮುಂದೆ ಅಪ್ಪನನ್ನು ಆಡಿಕೊಳ್ಳುತ್ತಿದ್ದಾನೆ,' ಎಂದುಕೊಂಡಳು. ಗ್ರೇಡಿಯ ಕಂದು ಕಣ್ಣುಗಳಲ್ಲಿ ಇದ್ದದ್ದು ಕುಹಕವಲ್ಲ, ಕಳವಳ. ಅದನ್ನು ನೋಡುವಷ್ಟು ತಾಳ್ಮೆ ಅವಳಿಗೆಲ್ಲಿ?

ಮರುವಾರ ಗ್ರೇಡಿ ಅವಳ ಮನೆಯ ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದ.

"ಕ್ಷಮೆ ಕೇಳೋಕೆ ಬಂದ್ರಾ?"

"ಇಲ್ಲ. ಈ ಎಂಜಿನ್‌ದೇ ಹಳೇ ಬಿಡಿಭಾಗ ಏನಾದ್ರೂ ಉಳಿದಿದೆಯಾ ಕೇಳೋಕೆ ಬಂದೆ."

"ಎಲ್ಲಾ ರಾಸಾಯನಿಕದಲ್ಲಿ ಮುಳುಗಿಸಿ ತೊಳೆದಾಯ್ತು. ಹಳೇ ಬಣ್ಣ ಚೂರೂ ಇಲ್ಲ."

"ಬದಲಾಯಿಸಿ ಎಸೆದದ್ದು?"

ಇತ್ತು. ಜನರೇಟರನ್ನು ಹಿಡಿದಿಡುವ, ಬಿರುಕು ಬಿಟ್ಟ ಕಬ್ಬಿಣದ ಪಟ್ಟಿ ಗುಜರಿ ಡಬ್ಬಿಯ ತಳದಲ್ಲಿತ್ತು. ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸಿದ ಮೇಲೆ ಎಲ್ಲಕ್ಕೂ ಒಟ್ಟಿಗೇ ಬಣ್ಣ ಹೊಡೆಯುತ್ತಿದ್ದರು. ಹೊರಮೈ ಬಣ್ಣ ಬಿಸಿಗೆ ಸುಟ್ಟು ಕಂದಾಗಿತ್ತು. ಒಳಮೂಲೆಯಲ್ಲಿ ಮಾತ್ರ ಗ್ರೀಸ್ ಮುದ್ದೆಗಟ್ಟಿ ಕೂತಿತ್ತು. ವಾಂಡಾ ಹಟಕ್ಕೆ ಬಿದ್ದು ಅದನ್ನು ಸೀಮೆಎಣ್ಣೆಯಲ್ಲಿ ಉಜ್ಜಿದಳು. ಅವನ ಬಾಯಿ ಮುಚ್ಚಿಸಬೇಕು, ಅಷ್ಟೇ.

ಗ್ರೀಸ್ ಬಿಟ್ಟಿತು. ಅವಳು ಬಿಸಿಲಿಗೆ ಬಂದು ಪಟ್ಟಿಯನ್ನು ಎತ್ತಿ ಹಿಡಿದಳು.

ಹಸಿರು... ನವಿಲಿನ ಕತ್ತಿನ ಹಾಗೆ ನೀಲಿ ಬೆರೆತ ಹಸಿರು.

"ನಿಮಗೆ ಮೊದಲೇ ಗೊತ್ತಿತ್ತು, ಅಲ್ವಾ?" ಗ್ರೇಡಿ ಮೆತ್ತಗೆ ಕೇಳಿದ.

ವಾಂಡಾ ಪಟ್ಟಿಯನ್ನು ಕೆಳಗಿಳಿಸಿದಳು. ಅಪ್ಪ ಬಣ್ಣ ಬೆರೆಸುವಾಗ ಇನ್ನೂ ನೀಲಿ, ಇನ್ನೂ ಸ್ವಲ್ಪ ನೀಲಿ ಎಂದು ಸುರಿಯುತ್ತಲೇ ಹೋಗಿದ್ದ. ಅವಳಿಗೆ ಅನುಮಾನ ಬಂದಿತ್ತು. ಆದರೆ ಅಪ್ಪನ ಕಣ್ಣನ್ನು ಅನುಮಾನಿಸುವುದೆಂದರೆ ಅಪ್ಪನನ್ನೇ ಅನುಮಾನಿಸಿದಂತೆ. ಬಾಯಿ ಮುಚ್ಚಿಕೊಂಡಿದ್ದಳು.

"ಕಣ್ಣಿಗೆ ಪೊರೆ ಬಂದ್ರೆ ಲೋಕವೆಲ್ಲ ಹಳದಿಯಾಗಿ ಕಾಣುತ್ತೆ," ಎಂದ ಗ್ರೇಡಿ. "ನೆನಪಲ್ಲಿರೋ ಬಣ್ಣ ಕಾಣಬೇಕು ಅಂದ್ರೆ ನೀಲಿ ಸುರೀತಾನೇ ಇರಬೇಕು. ನಮ್ಮಮ್ಮನೂ ಅಡುಗೆಮನೆ ಗೋಡೆಗೆ ಹೀಗೇ ಬಣ್ಣ ಬಳಿಸಿದ್ರು. ನಾನು ನಕ್ಕು ಸುಮ್ನಾದೆ. ಅದೇ ವರ್ಷ ಕಾರನ್ನ ಸೇತುವೆಗೆ ಗುದ್ದಿದ್ರು. ಇವತ್ತಿಗೂ ಸೊಂಟ ನೆಟ್ಟಗಿಲ್ಲ." ಅವನು ಕಾರಿನತ್ತ ತಿರುಗಿದ. "ಜುಲೈ ನಾಲ್ಕರ ಸ್ವಾತಂತ್ರ್ಯ ದಿನದ ಮೆರವಣಿಗೇಲಿ ಈ ಕಾರು ಓಡಿಸೋದು ನಿಮ್ಮಪ್ಪ ತಾನೇ?"

ಮೆರವಣಿಗೆ... ಕಾರುಗಳಿಂದ ಮಿಠಾಯಿ ಎಸೆಯುತ್ತಾರೆ. ಹೆಕ್ಕಿಕೊಳ್ಳಲು ಮಕ್ಕಳು ರಸ್ತೆಗೇ ನುಗ್ಗುತ್ತವೆ.

"ಯಾರು ನನ್ನ ಕಣ್ಣಿನ ವಿಷಯ ಎತ್ತಿದ್ದು?" ಬಾಗಿಲಿಂದ ದನಿ ಬಂತು. ಕ್ಯಾಜ್ ನಿಂತಿದ್ದ.

ವಾಂಡಾ ಪಟ್ಟಿಯನ್ನು ಎಂಜಿನ್ ಪಕ್ಕಕ್ಕೆ ಹಿಡಿದಳು. "ಅಪ್ಪಾ, ಎರಡೂ ಒಂದೇನಾ ನೋಡು."

"ಒಂದೇ." ಅವನು ಎರಡನೇ ಸಲ ನೋಡಲೂ ಇಲ್ಲ. "ಪೊರೆ, ಮಣ್ಣು ಮಸಿ... ಎಲ್ಲಾ ಈ ಹುಡುಗ ನಿನ್ನ ಕಿವೀಲಿ ಊದಿರೋದು. ಕಾರು ಓಡಿಸೋನು ನಾನೇ. ಅವನನ್ನ ಆಚೆ ಕಳಿಸು."

ಅಪ್ಪನ ಮುಖ ನೋಡಿದಳು, ಗ್ರೇಡಿಯ ಮುಖ ನೋಡಿದಳು. ಹೇಳಬಾರದ್ದನ್ನು ಹೇಳಿಬಿಟ್ಟಳು.

"ಹೋಗಿ ಗ್ರೇಡಿ. ನಮ್ಮ ಮನೆ ವಿಷಯಕ್ಕೆ ಇನ್ನು ತಲೆ ಹಾಕಬೇಡಿ."

ಅವನು ಹೋದ. ಅವನ ಹಳೇ ಟ್ರಕ್ಕಿನ ಸದ್ದು ತಿರುವಿನಾಚೆ ಕರಗಿದಾಗಲೇ ಅವಳಿಗೆ ಗೊತ್ತಾದದ್ದು, ತನಗೆ ಎಷ್ಟು ನೋವಾಗಿದೆ ಎಂದು. 'ಯಾಕೆ ಹೀಗಾಗುತ್ತಿದೆ ನನಗೆ? ಅವನು ಯಾರು ನನಗೆ?' ಉತ್ತರ ಅವಳಿಗೆ ಗೊತ್ತೇ ಇತ್ತು ಬಿಡಿ.

ಜುಲೈ ನಾಲ್ಕರ ಬೆಳಿಗ್ಗೆ. ಅಪ್ಪ ಏಳುವ ಮೊದಲೇ ಕೀ ಬಚ್ಚಿಡಬೇಕೆಂದು ಎದ್ದ ವಾಂಡಾಳಿಗೆ ತಡವಾಗಿಹೋಗಿತ್ತು. ಗ್ಯಾರೇಜಿನಲ್ಲಿ ಎಂಜಿನ್ ಗುಡುಗಿತು.

ಬರಿಗಾಲಲ್ಲೇ ಓಡಿದಳು. ಕಾರು ಮುಂದಕ್ಕೆ ಉರುಳುತ್ತಿತ್ತು. ಅವಳು ದಾರಿಗೆ ಅಡ್ಡ ನಿಂತು ಎರಡೂ ಕೈ ಚಾಚಿದಳು.

"ಅಪ್ಪಾ, ನಿಲ್ಸು!"

ಎದುರು ಬಿಸಿಲು. ಸ್ಟೀರಿಂಗ್ ಹಿಂದೆ ಅಪ್ಪನ ಮುಖ ಕಾಣುತ್ತಿತ್ತು, ನೇರ ಅವಳತ್ತಲೇ ತಿರುಗಿತ್ತು. ಆದರೂ ಕಾರು ನಿಲ್ಲಲಿಲ್ಲ. ಬಂದೇ ಬಂತು... ಅಪ್ಪ ತನ್ನನ್ನು ನೋಡುತ್ತಲೇ ಇಲ್ಲ! ಪಕ್ಕಕ್ಕೆ ಹಾರಲು ಹೊತ್ತಿರಲಿಲ್ಲ. ಕೈಯಿಂದ ಬಾನೆಟ್ಟಿನ ಮೇಲೆ ಬಲವಾಗಿ ಬಡಿದಳು.

ಬ್ರೇಕ್ ಕಿರುಚಿತು. ಬಂಪರ್ ಅವಳ ಮೊಣಕಾಲಿಗೆ ತಾಗಿ ನಿಂತಿತು.

ಕ್ಯಾಜ್ ಇಳಿದು ಬಂದ. ಮಗಳ ಭುಜ, ಕೈ, ಮುಖ ಎಲ್ಲ ಮುಟ್ಟಿ ಮುಟ್ಟಿ ನೋಡಿದ.

"ಬರೀ ಬಿಸಿಲು ಕಾಣ್ತಿತ್ತು ಕಣೇ... ಬರೀ ಬಿಸಿಲು. ನೀನು ಇರಲೇ ಇಲ್ಲ ಅಲ್ಲಿ."

ಕೀಯನ್ನು ಅವಳ ಅಂಗೈಯಲ್ಲಿಟ್ಟು ಬೆರಳು ಮಡಚಿದ. ಆ ವರ್ಷ ನೊವಿಟ್ಸ್ಕಿ ಮನೆಯ ಮಾರ್ಲೋ ಮೆರವಣಿಗೆಗೆ ಹೋಗಲಿಲ್ಲ.

ಶರತ್ಕಾಲ ಬಂದು ಮೇಪಲ್ ಮರಗಳ ಎಲೆ ಕೆಂಪಾಗುವ ಹೊತ್ತಿಗೆ ಎರಡೂ ಕಣ್ಣಿನ ಆಪರೇಷನ್ ಮುಗಿದಿತ್ತು. ಕಣ್ಣಿನ ಪಟ್ಟಿ ಬಿಚ್ಚಿದ ಮರುದಿನವೇ ಕ್ಯಾಜ್ ಬಾನೆಟ್ ಎತ್ತಿ ಬಹಳ ಹೊತ್ತು ನಿಂತ. ವಾಂಡಾ ಪಕ್ಕದಲ್ಲೇ ಇದ್ದಳು.

"ಯಾವ ಕತ್ತೆ ಹೊಡೆದದ್ದು ಈ ನೀಲೀನ?"

ಅವಳು ಅಪ್ಪನನ್ನೇ ನೋಡಿದಳು. ಅವನಿಗೆ ನೆನಪಾಯಿತು. ಆಮೇಲೆ ಮೂಗೊರೆಸಿಕೊಂಡು, "ಆ ಹುಡುಗನಿಗೆ ಫೋನ್ ಮಾಡು," ಎಂದ.

"ಬರ್ತಾರೋ ಇಲ್ವೋ... ನಾನೇ ಹೋಗು ಅಂದಿದ್ದೆ ಅಪ್ಪಾ."

"ಅದು ನಾನು ಹೇಳಿಸಿದ್ದು. ಮಾಡು."

ಅವನು ಬಂದ, ಅದೇ ಟ್ರಕ್ಕಿನಲ್ಲಿ, ಅದೇ ಶರ್ಟಿನಲ್ಲಿ. ಕ್ಯಾಜ್ ಅವನನ್ನು ತಲೆಯಿಂದ ಕಾಲವರೆಗೆ ನೋಡಿದ.

"ಕಡುನೀಲಿ. ಇಸ್ತ್ರಿ ಬೇರೆ ಇಲ್ಲ." ಪೇಂಟಿನ ಡಬ್ಬಿ ಅವನ ಕೈಗಿಟ್ಟ. "ಹಸಿರು ನಾನು ಹಾಕ್ತೀನಿ, ನೀನು ಕಲಸು." ಒಂದು ಡಬ್ಬಿ ಹಳದಿ ಬೇಕೆಂದು ನೆಪ ಹೇಳಿ ತಾನೇ ಅಂಗಡಿಗೆ ನಡೆದು ಹೋದ. ಹಳದಿ ಕಪಾಟಿನಲ್ಲೇ ಇತ್ತು.

ವಾಂಡಾ ತಲೆ ತಗ್ಗಿಸಿ ಹಸಿರು ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು. "ಅವತ್ತು ಹೋಗಿ ಅಂದೆ... ಹೋದ ಮೇಲೆ ದಿನಾ ನಿಮ್ಮ ಟ್ರಕ್ ಸದ್ದಿಗೆ ಕಾದೆ."

"ನಾನು ದಿನಾ ನಿಮ್ಮ ಬೀದಿಯ ತಿರುವಿನವರೆಗೆ ಬಂದು ವಾಪಸ್ ಹೋದೆ," ಎಂದ ಗ್ರೇಡಿ. "ನನಗೆ ನೀವು ಇಷ್ಟ ವಾಂಡಾ. ಪಂದ್ಯದ ದಿನ ನನ್ನ ಮೇಲೆ ರೇಗಿದಾಗಲೇ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂತು. ಕಣ್ಣೊರೆಸಿಕೊಳ್ಳಲು ಹೋಗಿ ಕೆನ್ನೆಗೆಲ್ಲ ಹಸಿರು ಮೆತ್ತಿಕೊಂಡಳು. ಅವನು ಅವಳ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದ.

"ಬಣ್ಣ ಸರಿ ಇದೆಯಾ, ತೀರ್ಪುಗಾರರೇ?"

"ಇನ್ನೂ ಹತ್ತಿರದಿಂದ ನೋಡಬೇಕು."

"ನೋಡಿ," ಎಂದಳು ವಾಂಡಾ. "ತಪ್ಪಿದ್ರೆ ಮುಚ್ಚಿಡದೆ ಹೇಳಿ."