ಖಾಲಿ ಸೇರು

"ಬೇರೆ ಏನು ಬೇಕಾದ್ರೂ ಮಾಡ್ಕೊಳ್ಳಿ ಮೇಡಂ. ಒರೆಸಿ, ಉಜ್ಜಿ, ಬಿಸಿಲಿಗಿಡಿ. ಆ ಸೇರನ್ನ ಮಾತ್ರ ಖಾಲಿ ಮಾಡಬೇಡಿ."

ಬೀಗದಮ್ಮ ಅದನ್ನು ಹೇಳಿದ್ದು ಮೂರನೆಯ ಸಲ. ಉಗ್ರಾಣದ ಬೀಗದ ಕೈಗಳ ಗೊಂಚಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮೂವತ್ತೊಂದು ವರ್ಷ ಓಡಾಡಿದ ಆಕೆಗೆ ವಸ್ತುಸಂಗ್ರಹಾಲಯದಲ್ಲಿ ಬೇರೆ ಹೆಸರೇ ಇರಲಿಲ್ಲ. ಇವತ್ತು ಕೆಲಸದ ಕೊನೆಯ ದಿನ. ತಲೆಗೆ ಬಿಗಿಯಾಗಿ ಬಟ್ಟೆ ಸುತ್ತಿಕೊಂಡು, ಹಲ್ಲಿಲ್ಲದ ಬಾಯನ್ನು ಒಳಗೆಳೆದುಕೊಂಡು ಬಾಗಿಲಲ್ಲೇ ನಿಂತಿದ್ದಳು.

ಎದುರಿಗಿದ್ದವಳು ಹೊಸಬಳು. ಹಳೆಯ ಮರ, ಬಟ್ಟೆ, ಬೆತ್ತದ ವಸ್ತುಗಳಿಗೆ ಹುಳ ಹಿಡಿಯದಂತೆ, ಬೂಷ್ಟು ಕಟ್ಟದಂತೆ ನೋಡಿಕೊಳ್ಳುವುದು ಅವಳ ಕೆಲಸ. ದಟ್ಟ ಕೂದಲಿನ ನಡುವೆ, ಕಿವಿಯ ಹಿಂದೆ, ಸದಾ ಒಂದು ಮೆದು ಬ್ರಷ್ ಸಿಕ್ಕಿಸಿಕೊಂಡಿರುತ್ತಿದ್ದುದರಿಂದ ಬಂದ ವಾರದಲ್ಲೇ ಬ್ರಷ್ ಮೇಡಂ ಎಂಬ ಹೆಸರು ಬಿದ್ದಿತ್ತು.

ನೆಲಮಾಳಿಗೆಯ ಆ ಉಗ್ರಾಣಕ್ಕೆ ಕಿಟಕಿಗಳಿರಲಿಲ್ಲ. ಬಾಗಿಲು ತೆಗೆದರೆ ಮೊದಲು ನುಸಿಗುಳಿಗೆಯ ವಾಸನೆ, ಅದರ ಹಿಂದೆ ಎಣ್ಣೆ ಕುಡಿದ ಹಳೆಯ ಮರದ ವಾಸನೆ, ಎಲ್ಲಕ್ಕೂ ಕೆಳಗೆ ಹೆಸರಿಡಲಾಗದ ಒಂದು ಹಳಸಲು. ಕಬ್ಬಿಣದ ಗೂಡುಗಳ ತುಂಬ ಕಡೆಗೋಲು, ಒನಕೆ, ಬೀಸಣಿಗೆ, ಬಣ್ಣ ಮಾಸಿದ ಬೊಂಬೆ, ತೇಪೆಯ ಮೇಲೆ ತೇಪೆ ಹಾಕಿದ ಕೌದಿ. ಎಲ್ಲವೂ ಒಂದು ಕಾಲಕ್ಕೆ ಯಾರೋ ದಿನಾ ಮುಟ್ಟುತ್ತಿದ್ದ ವಸ್ತುಗಳು. ಹಿಡಿಕೆಗಳಲ್ಲಿ ಬೆರಳಿನ ಸವೆತ ಹಾಗೇ ಉಳಿದಿತ್ತು.

ಮೂಲೆಯ ಗೂಡಿನಲ್ಲಿ ಆ ಸೇರು. ಒಂದೇ ಮರದ ತುಂಡಿನಲ್ಲಿ ಕೊರೆದದ್ದು. ಸುತ್ತಲೂ ಕೈಕೈ ಹಿಡಿದು ನಿಂತ ಪುಟ್ಟ ಮನುಷ್ಯರ ಸಾಲು. ಎಲ್ಲರ ಬಾಯಿಯೂ ತೆರೆದಿತ್ತು. ಸೇರಿನ ಕಂಠಕ್ಕೆ ಏಳು ಸುತ್ತು ಕಪ್ಪು ದಾರ. ಬಾಯ್ತುಂಬ ಅಕ್ಕಿ.

"ಅಕ್ಕಿ ಇದ್ದ ಕಡೆ ಹುಳ ಬರುತ್ತೆ ಅಮ್ಮಾ. ಆಮೇಲೆ ಈ ಬೊಂಬೆ, ಆ ತೊಟ್ಟಿಲು, ಎಲ್ಲಾ ಹಿಟ್ಟಾಗಿಬಿಡುತ್ತೆ."

"ಇಷ್ಟು ವರ್ಷದಲ್ಲಿ ಒಂದು ಹುಳ ಬಂದಿಲ್ಲ."

"ಹಾಗಾದ್ರೆ ಹುಳಕ್ಕೂ ಗೊತ್ತಾಗಿದೆ ಅನ್ನಿ, ಇದಕ್ಕೆ ಮಾಟ ಮಾಡಿಸಿದ್ದಾರೆ ಅಂತ!"

ಬೀಗದಮ್ಮ ನಗಲಿಲ್ಲ. "ಖಾಲಿ ಮಾಡಿದವರ ಮನೇಲಿ ಯಾರಿಗೂ ಹೊಟ್ಟೆ ತುಂಬಲ್ಲ."

"ನನ್ನ ಮಗಳಿಗೆ ಒಂದು ತುತ್ತು ತಿನ್ನಿಸೋಕೆ ನಾನು ಮನೆಯೆಲ್ಲ ಸುತ್ತಬೇಕು. ಅವಳಿಗೆ ಸ್ವಲ್ಪ ಹಸಿವಾದ್ರೆ ನಿಮಗೆ ಪುಣ್ಯ ಬರುತ್ತೆ ಬಿಡಿ."

ಹಾಗೆಂದು ನಗುನಗುತ್ತಲೇ ಕಾಗದ ಹಾಸಿ ಸೇರನ್ನು ಬೋರಲು ಹಾಕಿದಳು. ಅಕ್ಕಿ ಸರ್ರನೆ ಸುರಿಯಿತು. ಕೊನೆಯಲ್ಲಿ, ತಳದಿಂದ, ಬೇರೆ ಏನೋ ಉದುರಿತು. ಬೂದು ಬಣ್ಣದ ಜುಂಗು, ಚಿಪ್ಪಿನಂಥ ಬಿಳೀ ಚೂರುಗಳು. ಇಲಿ ಗೂಡು ಕಟ್ಟಿರಬೇಕು ಎಂದುಕೊಂಡಳು. ಕೈಗವಸು ಹಾಕಿಕೊಂಡು ಅದನ್ನೆಲ್ಲ ಒಂದು ಪೊಟ್ಟಣಕ್ಕೆ ತುಂಬಿ ಚೀಟಿ ಅಂಟಿಸಿದಳು. ಸಂಗ್ರಹದ ಯಾವುದನ್ನೂ ಎಸೆಯುವ ಹಾಗಿರಲಿಲ್ಲ.

ತಲೆಯೆತ್ತಿದಾಗ ಬೀಗದಮ್ಮ ಬೀಗದ ಕೈಗಳ ಗೊಂಚಲನ್ನು ಮೇಜಿನ ಮೇಲಿಡುತ್ತಿದ್ದಳು. ಆಕೆಯ ಕಣ್ಣಲ್ಲಿ ನೀರಿತ್ತು. "ನಾನು ಹೇಳಿದ್ದೆ," ಎಂದಳು. "ನೆನಪಿಟ್ಕೊಳ್ಳಿ ತಾಯೀ, ನಾನು ಮೂರು ಸಲ ಹೇಳಿದ್ದೆ." ಹೊರಟವಳು ಮೆಟ್ಟಿಲ ಮೇಲೆ ಒಮ್ಮೆಯೂ ತಿರುಗಿ ನೋಡಲಿಲ್ಲ.

ಬ್ರಷ್ ಮೇಡಂ ಮಗಳಿಗೆ ಏಳು ವರ್ಷ. ಹಕ್ಕಿಯಂತೆ ನಾಲ್ಕು ಕಾಳು ಹೆಕ್ಕಿ ಏಳುತ್ತಿದ್ದಳೆಂದು ಮನೆಯಲ್ಲಿ ಗುಬ್ಬಿ ಎಂದೇ ಕರೆಯುತ್ತಿದ್ದರು. ಆ ಸಂಜೆ ಗುಬ್ಬಿ ತಟ್ಟೆ ಬಳಿದು ತಿಂದಳು. ಮತ್ತೆ ಬಡಿಸಿಕೊಂಡು ಅದನ್ನೂ ಬಳಿದಳು.

"ಅಯ್ಯೋ, ಸೂರ್ಯ ಯಾವ ಕಡೆ ಹುಟ್ಟಿದ್ನೇ ಇವತ್ತು?" ಎಂದು ಅಜ್ಜಿ ಹಿಗ್ಗಿದಳು. "ದೃಷ್ಟಿ ಆದೀತು, ಯಾರ ಹತ್ರನೂ ಹೇಳ್ಬೇಡ."

ಮೂರನೆಯ ದಿನ ಅಜ್ಜಿಯ ಹಿಗ್ಗು ಇಳಿಯಿತು. ಮಗು ಕೈ ತೊಳೆದು ಬಂದು ಮತ್ತೆ ಕೂರುತ್ತಿತ್ತು. ತಿನ್ನುತ್ತಲೇ ಅಳುತ್ತಿತ್ತು. "ಅಮ್ಮಾ, ಒಳಗೆ ಹೋಗ್ತಾ ಇಲ್ಲ ಅಮ್ಮಾ. ಬಾಯಿವರೆಗೆ ಹೋಗಿ ಎಲ್ಲೋ ಬಿದ್ದುಹೋಗ್ತಾ ಇದೆ." ವಾರ ಕಳೆಯುವುದರೊಳಗೆ ಲಂಗ ಸೊಂಟದಲ್ಲಿ ನಿಲ್ಲದಾಯಿತು. ಡಾಕ್ಟರು ಜಂತುಹುಳುವಿನ ಮಾತ್ರೆ ಬರೆದರು. ರಕ್ತಪರೀಕ್ಷೆಯಲ್ಲಿ ಏನೂ ಸಿಗಲಿಲ್ಲ. ಬಾಚಣಿಗೆ ಎಳೆದರೆ ಕೂದಲು ಹಿಡಿಹಿಡಿಯಾಗಿ ಕಳಚಿಕೊಳ್ಳುತ್ತಿತ್ತು, ಆದರೆ ಬಾಚಣಿಗೆಯಲ್ಲಿ ಒಂದು ಎಳೆಯೂ ಉಳಿಯುತ್ತಿರಲಿಲ್ಲ.

ಹತ್ತನೆಯ ದಿನ ಬೆಳಿಗ್ಗೆ ಮುಂದಿನ ಹಲ್ಲು ಬಿದ್ದಿತ್ತು. ಶಾಲೆಯ ಮೆಟ್ಟಿಲ ಮೇಲೆ ಎಡವಿ ಮೂಲೆ ಮುರಿದುಕೊಂಡ ಹಲ್ಲು ಅದು. ಹಾಸಿಗೆ ಕೊಡವಿದರು, ದಿಂಬಿನ ಕವಚ ತಿರುವಿ ಹಾಕಿದರು. ಸಿಗಲಿಲ್ಲ.

ಸಿಕ್ಕಿದ್ದು ಮಧ್ಯಾಹ್ನ, ಉಗ್ರಾಣದಲ್ಲಿ.

ತೊಟ್ಟಿಲಿನ ಅಳತೆ ಬರೆದುಕೊಳ್ಳಲು ಹೋಗಿದ್ದವಳಿಗೆ ಸೇರಿನೊಳಗೆ ಏನೋ ಕಪ್ಪಗೆ ಕಂಡಿತು. ಟಾರ್ಚ್ ಬಿಟ್ಟಳು. ತಳದಲ್ಲಿ ಕೂದಲಿನ ಸುರುಳಿ. ಎಳೆಯ, ಮೆತ್ತಗಿನ, ಅವಳೇ ನಿನ್ನೆ ಎಣ್ಣೆ ಹಚ್ಚಿದ್ದ ಕೂದಲು. ಅದರ ನಡುವೆ ಒಂದು ಹಲ್ಲು. ಮೂಲೆ ಮುರಿದಿತ್ತು.

ಅಷ್ಟರಲ್ಲಿ ದೀಪ ಹೋಯಿತು. ಟಾರ್ಚ್ ಕೈಜಾರಿ ಆರಿತು. ಹೊರಗೆ ಮಟಮಟ ಮಧ್ಯಾಹ್ನ, ಒಳಗೆ ಕಾಡಿಗೆಯಂಥ ಕತ್ತಲು. ಹಳಸಲು ವಾಸನೆ ಮುಖಕ್ಕೆ ರಾಚಿತು. ಆಗ ಕೇಳಿಸಿತು. ಕರ್... ಕರ್... ಮರವನ್ನು ಉಗುರು ಕೆರೆಯುವ ಸದ್ದು. ಖಾಲಿ ಪಾತ್ರೆಯ ತಳವನ್ನು ಯಾರೋ ತಡಕುತ್ತಿದ್ದರು. ಪುಟ್ಟ ಕೈ. ಅವಸರದ ಕೈ. ಕೆರೆತ ನಿಂತಿತು. ಮೂಸುವ ಸದ್ದು. ಹತ್ತಿರ. ಇನ್ನೂ ಹತ್ತಿರ. ಅವಳ ಮೊಣಕೈಯ ಬಳಿ ಬಿಸಿ ಉಸಿರು. ಓಡಿದಳು. ಗೂಡು ತಗುಲಿತು. ಬೊಂಬೆಗಳು ಉರುಳಿದವು. ಬಾಗಿಲು. ಚಿಲಕ. ಬೆಳಕು.

ಅಂಗಡಿಗೆ ಓಡಿ ಅಕ್ಕಿ ತಂದು ಸೇರಿಗೆ ಸುರಿದಳು. ಒಂದು ಕೆ.ಜಿ. ಎರಡು ಕೆ.ಜಿ. ಅಕ್ಕಿ ಬಿದ್ದ ಸದ್ದೇ ಆಗಲಿಲ್ಲ. ಸೇರು ತುಂಬಲೂ ಇಲ್ಲ.

ಬೀಗದಮ್ಮನ ಮನೆ ಎರಡು ಕೋಣೆಯದು. ಆಕೆ ಅಡುಗೆಮನೆಯ ನೆಲದ ಮೇಲೆ ಕುಳಿತು ಮೆತ್ತಗೆ ಕಿವುಚಿದ ಅನ್ನ ತಿನ್ನುತ್ತಿದ್ದಳು, ನಿಧಾನವಾಗಿ, ಕಣ್ಣು ಮುಚ್ಚಿಕೊಂಡು. ಹೊರಗೆ ಅಂಗಳದಲ್ಲಿ ಗಟ್ಟಿಮುಟ್ಟಾದ ಮಗ ಸೈಕಲ್ ಒರೆಸುತ್ತಿದ್ದ.

"ಬರ್ತೀರ ಅಂತ ಗೊತ್ತಿತ್ತು," ಎಂದಳು. "ಯಾರನ್ನ ಹಿಡೀತು?"

"ಮಗಳನ್ನ."

ಬೀಗದಮ್ಮ ತಟ್ಟೆ ಸರಿಸಿದಳು. "ಮನೇಲಿ ಎಲ್ಲರಿಗಿಂತ ಚಿಕ್ಕವರನ್ನೇ ಅದು ಹಿಡಿಯೋದು. ಹಿಂದೆ ಹಸಿವಿನ ವರ್ಷ ಒಂದು ಮನೆಯೋಳು ಆ ಸೇರಲ್ಲೇ ಎಲ್ಲರಿಗೂ ಅಳೆದು ಹಾಕ್ತಿದ್ಳಂತೆ. ಸತ್ತುಹೋಗಿದ್ದ ತಂಗಿಯ ಮಗುವಿಗೆ ಮಾತ್ರ ದಿನಾ ಖಾಲಿ ಸೇರು ತೋರಿಸಿ, ಮುಗೀತು ಅನ್ನೋಳಂತೆ. ಮಗು ಹೋಯ್ತು. ಅದರ ಅಜ್ಜಿ ಮಾಟಗಾರನ ಹತ್ರ ಹೋದ್ಳು. ಆ ಕಂಠಕ್ಕೆ ಸುತ್ತಿರೋದು ದಾರ ಅಲ್ಲ ಮೇಡಂ. ಆ ಮಗುವಿನ ಕೂದಲು."

"ನಿಮಗೆ ಹೇಗೆ ಗೊತ್ತು?"

"ನನಗೂ ಒಬ್ಬರು ಬೇಡ ಅಂದಿದ್ರು. ನಾನೂ ನಕ್ಕಿದ್ದೆ. ಆಗ ಇವನಿಗೆ ಎರಡು ವರ್ಷ." ತಲೆಗೆ ಸುತ್ತಿದ್ದ ಬಟ್ಟೆಯನ್ನು ಬಿಚ್ಚಿದಳು. ಬೋಳು ತಲೆ, ಅಲ್ಲಲ್ಲಿ ಕಿತ್ತ ಕಲೆ. ಬೆರಳುಗಳನ್ನು ಮುಂದೆ ಚಾಚಿದಳು. ಎರಡು ಬೆರಳಿಗೆ ಉಗುರೇ ಇರಲಿಲ್ಲ. "ನನ್ನದು ಕೊಟ್ರೆ ಅವನನ್ನ ಬಿಡ್ತಿತ್ತು. ಕೊಟ್ಟೆ. ಮೇಲೆ ಮುಚ್ಚಲಿ ಅಂತ ಬಾಯ್ತುಂಬ ಅಕ್ಕಿ. ಹೊಟ್ಟೆ ತುಂಬಿದ್ರೆ ಅಕ್ಕಿ ನಿಲ್ಲುತ್ತೆ, ಇಲ್ಲದಿದ್ರೆ ಇಲ್ಲ."

ಆ ಬೂದು ಜುಂಗು, ಆ ಬಿಳೀ ಚೂರುಗಳು. ತಾನೇ ಚೀಟಿ ಅಂಟಿಸಿದ ಪೊಟ್ಟಣ ಬ್ರಷ್ ಮೇಡಂ ಕಣ್ಣ ಮುಂದೆ ಬಂತು.

"ಬಿಡಿಸಿಕೊಳ್ಳೋದು ಹೇಗೆ?"

"ಬೇರೆಯವರು ಖಾಲಿ ಮಾಡಬೇಕು. ಸುಮ್ಮನೆ ಮಾಡಿದ್ರೆ ಆಗಲ್ಲ. ಬೇಡ ಅಂತ ನಾವು ಮೂರು ಸಲ ಬಾಯಿಬಿಟ್ಟು ಹೇಳಬೇಕು. ಕೇಳಿಸಿಕೊಂಡೂ ನಕ್ಕು ಮಾಡಿದವರಿಗೇ ಅದು ಹೋಗೋದು."

"ಅಂದ್ರೆ ನೀವು ನನಗೆ..."

"ಎಷ್ಟೋ ಜನಕ್ಕೆ ಹೇಳಿದೆ. ಎಲ್ಲರೂ ಹೆದರಿ ಕೈಮುಗಿದು ಹೋದ್ರು. ನೀವು ಬಂದ ಮೊದಲನೇ ದಿನವೇ ಗೊತ್ತಾಯ್ತು, ಬೇಡ ಅಂದ್ರೆ ಮಾಡೇ ಮಾಡ್ತೀರ ಅಂತ. ಕೊಡೋಕೆ ನನ್ನ ಹತ್ರ ಇನ್ನೇನೂ ಉಳಿದಿರಲಿಲ್ಲ ತಾಯೀ. ಶಾಪ ಹಾಕೋದಾದ್ರೆ ನನಗೆ ಹಾಕಿ. ಇವನಿಗೆ ಬೇಡ."

ಮರುದಿನ ಬೆಳಿಗ್ಗೆ ಉಗ್ರಾಣದ ಬಾಗಿಲು ಹಾಕಿಕೊಂಡು ಬ್ರಷ್ ಮೇಡಂ ತನ್ನ ಜಡೆಯನ್ನು ಬುಡಕ್ಕೆ ಕತ್ತರಿಸಿದಳು. ಸೇರು ಅದನ್ನು ಒಲ್ಲೆನೆಂದಿತು. ಮೇಲೆ ಹಾಕಿದ ಅಕ್ಕಿ ನಿಲ್ಲಲಿಲ್ಲ. ಕತ್ತರಿಸಿದ್ದು ಅದಕ್ಕೆ ಬೇಡ, ಕಿತ್ತದ್ದು ಬೇಕು. ಹಲ್ಲು ಕಚ್ಚಿ ಕಿತ್ತಳು. ಅಕ್ಕಿ ನಿಂತಿತು. ಸಂಜೆ ಗುಬ್ಬಿ ತಟ್ಟೆಯಲ್ಲಿ ಎರಡು ತುತ್ತು ಬಿಟ್ಟು ಎದ್ದಳು. ಆ ಎರಡು ತುತ್ತು ನೋಡುತ್ತಾ ತಾಯಿ ಅಡುಗೆಮನೆಯಲ್ಲಿ ಕುಸಿದು ಅತ್ತಳು.

ಮೊದಮೊದಲು ಒಂದು ಹಿಡಿ ಕೂದಲು ವಾರ ಬರುತ್ತಿತ್ತು. ಆಮೇಲೆ ನಾಲ್ಕು ದಿನ. ಆಮೇಲೆ ಕೂದಲು ಸಾಲದಾಯಿತು. ಬೀಗದಮ್ಮ ವರ್ಷಗಟ್ಟಲೆ ತಳ್ಳಿದ್ದಳು, ಕೈ ಬದಲಾದ ಮೇಲೆ ಅದರ ಹಸಿವು ಹೆಚ್ಚಿತ್ತು. "ಇಷ್ಟು ಚೆನ್ನಾಗಿರೋ ದವಡೆ ಹಲ್ಲನ್ನ ಯಾಕೆ ಕೀಳಿಸ್ತೀರ?" ಎಂದು ಕೇಳಿದ ದಂತವೈದ್ಯರ ಬಳಿ ಎರಡನೆಯ ಸಲ ಹೋಗಲಿಲ್ಲ, ಬೇರೊಬ್ಬರನ್ನು ಹುಡುಕಿದಳು. ಹೊಸಬರು ಯಾರು ಬಂದರೂ ಮೂಲೆಯ ಗೂಡಿನ ಮುಂದೆ ನಿಲ್ಲಿಸಿ ಬೇಡ ಎನ್ನುತ್ತಿದ್ದಳು. ಅವಳ ಮುಖ ನೋಡಿಯೇ ಅವರು ಹೆದರಿ ಹಿಂದೆ ಸರಿಯುತ್ತಿದ್ದರು. ಒಂದು ವರ್ಷದಲ್ಲಿ ಕಿವಿಯ ಹಿಂದೆ ಬ್ರಷ್ ನಿಲ್ಲದಾಯಿತು. ತಲೆಗೆ ಬಟ್ಟೆ ಬಂತು. ಸೊಂಟದಲ್ಲಿ ಬೀಗದ ಕೈಗಳ ಗೊಂಚಲು ಝಣಗುಟ್ಟುತ್ತಿತ್ತು. ಆಫೀಸಿನಲ್ಲಿ ಒಬ್ಬೊಬ್ಬರಾಗಿ ಅವಳನ್ನು ಬೀಗದ ಮೇಡಂ ಎನ್ನತೊಡಗಿದ್ದರು.

ಅಂಥದೊಂದು ದಿನ ಫೋಟೋಗ್ರಾಫರ್ ಬಂದ. ಸಂಗ್ರಹದ ಪುಸ್ತಕಕ್ಕೆ ಪ್ರತಿ ವಸ್ತುವಿನ ಚಿತ್ರ ಬೇಕಿತ್ತು. ಬಾಯಿ ಮುಚ್ಚದ ಮನುಷ್ಯ. ಬೊಂಬೆಗಳಿಗೆ "ಸ್ವಲ್ಪ ನಗಿ ಅಕ್ಕಾ" ಎನ್ನುತ್ತಾ, ಒನಕೆಗೆ "ನೀನು ಸಣ್ಣಗಿದ್ದೀಯ ಬಿಡು" ಎನ್ನುತ್ತಾ ಕ್ಲಿಕ್ಕಿಸುತ್ತಿದ್ದ. ನಡುನಡುವೆ ಫೋನ್ ತೆಗೆದು ನೋಡಿ ಒಬ್ಬನೇ ನಗುತ್ತಿದ್ದ.

"ನೋಡಿ ಮೇಡಂ, ನಮ್ಮನೆ ಹೊಸ ಯಜಮಾನ. ನಲವತ್ತು ದಿನ." ಪರದೆಯ ಮೇಲೆ ಮುಷ್ಟಿ ಕಟ್ಟಿ ಮಲಗಿದ್ದ ಕೂಸು. "ಹಾಲು ಕುಡಿದು ತೇಗ್ತಾನೆ ನೋಡಿ, ಥೇಟ್ ನಮ್ಮಪ್ಪ."

ಅವಳು ನೋಡಿದಳು. ನೋಡಬಾರದಿತ್ತು.

ಅವನು ಮೂಲೆಯ ಗೂಡಿಗೆ ಬಂದ. "ಆಹಾ! ಇದಪ್ಪಾ ವಸ್ತು ಅಂದ್ರೆ! ಒಳಗೆ ಹೇಗೆ ಕೊರೆದಿದ್ದಾರೆ ಅಂತ ಕಾಣಬೇಕಲ್ಲ. ಈ ಅಕ್ಕಿ ತೆಗೀಲಾ?"

"ಬೇಡ," ಎಂದಳು.

"ಯಾಕೆ, ಮಧ್ಯಾಹ್ನದ ಅಡುಗೆಗಾ?"

"ಅದನ್ನ ಖಾಲಿ ಮಾಡಬೇಡಿ. ಮಾಟ ಮಾಡಿಸಿರೋದು." ಎರಡು ಸಲ ಆಗಿತ್ತು. ಬಾಯೊಳಗೆ ಮೊನ್ನೆ ಕೀಳಿಸಿದ ಹಲ್ಲಿನ ಗುಂಡಿಯನ್ನು ನಾಲಿಗೆ ತಡಕಿತು. ಇನ್ನು ಹನ್ನೊಂದು ಉಳಿದಿದ್ದವು. ಬೆಳಿಗ್ಗೆ ಗುಬ್ಬಿ ಮತ್ತೆ ತಟ್ಟೆ ಬಳಿದಿದ್ದಳು, ಸೇರಿನ ಅಕ್ಕಿಯೂ ಇಳಿಯತೊಡಗಿತ್ತು.

ಈಗಲೂ ಸುಮ್ಮನಿದ್ದುಬಿಡಬಹುದಿತ್ತು. ಅವನ ಕೈಯಿಂದ ಸೇರನ್ನು ಕಿತ್ತುಕೊಂಡು, ಸಿಡುಕಿ, ಹೊರಗೆ ಅಟ್ಟಬಹುದಿತ್ತು. ಮುಷ್ಟಿ ಕಟ್ಟಿದ ಆ ಕೂಸು. ಹಲ್ಲೇ ಬಂದಿಲ್ಲದ ಕೂಸು.

ಜೇಬಿನಲ್ಲಿ ಫೋನ್ ನಡುಗಿತು. "ಎಲ್ಲಿದ್ದೀಯೇ?" ಅಜ್ಜಿಯ ಧ್ವನಿ ಅಳುತ್ತಿತ್ತು. "ಮಗು ಹಸಿ ಹಿಟ್ಟು ತಿಂತಾ ಇದೆ ಕಣೇ. ಡಬ್ಬಿ ಕಿತ್ಕೊಂಡ್ರೆ ನನ್ನ ಕೈ ಕಚ್ಚಿಬಿಟ್ಟಳು."

ಅವಳು ಫೋನನ್ನು ಎದೆಗೊತ್ತಿಕೊಂಡಳು. ಫೋಟೋಗ್ರಾಫರನ ಕಣ್ಣನ್ನು ನೋಡದೆ, ಅವನ ಕತ್ತಿನ ಕ್ಯಾಮೆರಾ ಪಟ್ಟಿಯನ್ನು ನೋಡುತ್ತಾ, ಪ್ರತಿಯೊಂದು ಅಕ್ಷರವನ್ನೂ ಬಿಡಿಸಿ ಹೇಳಿದಳು.

"ಕೈಮುಗಿದು ಹೇಳ್ತೀನಿ. ಆ ಸೇರನ್ನ ಮಾತ್ರ ಖಾಲಿ ಮಾಡಬೇಡಿ."

"ನೀವೊಳ್ಳೆ!" ಅವನು ಗಹಗಹಿಸಿ ನಕ್ಕ. "ಓದಿದವರು ಇಂಥದ್ದೆಲ್ಲ ನಂಬ್ತೀರಲ್ಲ ಮೇಡಂ! ಎರಡೇ ನಿಮಿಷ. ತೆಗೆದು, ಫೋಟೋ ಹೊಡೆದು, ವಾಪಸ್ ತುಂಬಿಬಿಡ್ತೀನಿ."

ಅವಳು ಹೊರಗೆ ಬಂದು ಬಾಗಿಲೆಳೆದುಕೊಂಡಳು. ಗೋಡೆಗೆ ಒರಗಿ ನಿಂತಳು. ಒಳಗೆ ಕಾಗದ ಹಾಸಿದ ಸದ್ದು. ಆಮೇಲೆ ಅಕ್ಕಿ. ಸರ್ರನೆ, ಕೊನೆಯ ಕಾಳಿನವರೆಗೆ.

ಎದೆಗೊತ್ತಿಕೊಂಡ ಫೋನಿನಲ್ಲಿ ಅಜ್ಜಿ ಏನೋ ಕೂಗುತ್ತಿದ್ದಳು. ಬ್ರಷ್ ಮೇಡಂ ಅದನ್ನು ಕಿವಿಗಿಟ್ಟುಕೊಂಡಳು. ಡಬ್ಬಿ ನೆಲಕ್ಕೆ ಬಿದ್ದ ಸದ್ದು. ಬಳಿಕ, ಎಷ್ಟೋ ತಿಂಗಳಿಂದ ಕೇಳದ ಆ ಎಳೆಯ, ಬೇಸರದ ಧ್ವನಿ.

"ಅಜ್ಜೀ, ಸಾಕು. ನಂಗೆ ಹೊಟ್ಟೆ ತುಂಬಿತು."

ಅವಳು ಬಾಯಿಗೆ ಬಟ್ಟೆ ತುರುಕಿಕೊಂಡಳು. ಬಾಗಿಲ ಆಚೆಯಿಂದ ಫೋಟೋಗ್ರಾಫರ್ ನಗುತ್ತಲೇ ಕೂಗಿದ:

"ಮೇಡಂ, ಇಲ್ಲಿ ಬನ್ನಿ. ತಳದಲ್ಲಿ ಏನೋ ಬಿಳೀ ಚೂರುಗಳಿವೆ. ಇಲಿ ಗೂಡು ಕಟ್ಟಿತ್ತು ಅನ್ಸುತ್ತೆ."