ಕುರುಗೋಡು ಗವಿಯಲ್ಲಿ ಮೂರು ಪ್ರದಕ್ಷಿಣೆ

"ಶುಕ್ರವಾರ ಸಂಜೆಯೊಳಗೆ ನಕ್ಷೆ ಬರಬೇಕು. ಇಲ್ಲದಿದ್ದರೆ ಶನಿವಾರ ಗವಿಗೆ ಸಿಡಿಮದ್ದು!"

ಇಂಗ್ಲಿಷ್ ದೊರೆ ಹೀಗೆಂದದ್ದು ಬಳ್ಳಾರಿ ಕಂಟೋನ್ಮೆಂಟ್ ಕಚೇರಿಯ ನಕ್ಷೆಗಾರ ಶ್ರೀಪಾದನಿಗೆ. ಹೊಸ ರೈಲು ಹಾದಿಗೆ ಕಲ್ಲು ಬೇಕು, ಕುರುಗೋಡು ಗುಡ್ಡದ ಗವಿ ಒಡೆಯುತ್ತೇನೆ ಎಂದು ಗುತ್ತಿಗೆದಾರ ಅಪ್ಪಣೆ ಕೇಳಿದ್ದ. "ಅದು ಬರೀ ಗವಿಯಲ್ಲ ದೊರೆ, ಬೌದ್ಧರ ಗುಡಿ" ಎಂದು ನಡುವೆ ಬಾಯಿ ಹಾಕಿದವನು ಇದೇ ಶ್ರೀಪಾದ. ಹಾಗಿದ್ದರೆ ಅಳೆದು ಬರೆದು ತೋರಿಸು ಎಂದಿದ್ದರು ದೊರೆ. ಕಣ್ಣಾರೆ ಕಂಡಿದ್ದನೇ? ಎಲ್ಲಿಯ ಮಾತು! ಸಿರುಗುಪ್ಪದಿಂದ ಕೌಲ್ ಬಜಾರಿಗೆ ಭತ್ತ ತರುವ ಗಾಡಿ ಎರ್ರೆಪ್ಪ ಹೇಳಿದ್ದನ್ನು ಕೇಳಿದ್ದ, ಅಷ್ಟೇ. ಆದರೂ ಸಿಪಾಯಿಗಳ ಪಾಯಖಾನೆಯ ನಕ್ಷೆ ಬರೆದೇ ವಯಸ್ಸು ಕಳೆದ ಆ ಪ್ರಾಣಿಗೆ, ಒಂದು ಗುಡಿ ಉಳಿಸಿ ಸಾಯಬೇಕೆಂಬ ಆಸೆ ಹುಟ್ಟಿಬಿಟ್ಟಿತ್ತು.

ಎರ್ರೆಪ್ಪನ ಗಾಡಿ ಹೊರಟಿತು. ಶ್ರೀಪಾದನನ್ನು ಸಾಕಿದ ಸೋದರತ್ತೆ ತಿರುಮಲಮ್ಮ ಬೆಲ್ಲದುಂಡೆಯ ಗಂಟು ಹಿಡಿದು ಮೊದಲೇ ಹತ್ತಿ ಕೂತಿದ್ದರು. ಹುಡುಗ ಕಂಡಕಂಡಲ್ಲಿ ಉಂಡು ಮೈಲಿಗೆಯಾಗುತ್ತಾನೆಂಬ ಭಯ ಅವರಿಗೆ. ಹುಡುಗನಿಗೆ ನಲವತ್ತು ದಾಟಿತ್ತು.

ಕುರುಗೋಡು ಗುಡ್ಡವೆಂದರೆ ಬಂಡೆಯ ಮೇಲೆ ಬಂಡೆ, ಸಂದಿನಲ್ಲಿ ಸೀತಾಫಲದ ಪೊದೆ, ಕೈ ಇಟ್ಟಲ್ಲೆಲ್ಲ ಕಳ್ಳಿಮುಳ್ಳು. ಕಾದ ಕಲ್ಲಿನಿಂದ ಝಳ ಎದ್ದು ಮುಖಕ್ಕೆ ಬಡಿಯುತ್ತಿತ್ತು. ಅರ್ಧ ಏರಿ ತಿರುಗಿದರೆ ಬಡಗಲಿಗೆ ಕರಿನೆಲ ಹಾಸಿ ಬಿದ್ದಿತ್ತು; ಅದರಾಚೆ ಸಿರುಗುಪ್ಪದ ಕಡೆ ಹೊಳೆಸಾಲಿನ ಹಸಿರು ಮಸುಕಾಗಿ ಕಾಣುತ್ತಿತ್ತು. ಕಡಿದಾದ ಬಂಡೆಯೊಂದರ ಬಳಿ ಎರ್ರೆಪ್ಪ ಕೈ ಚಾಚಿದ.

"ಮಡಿಯಾಗಿದ್ದೀನಿ, ಮುಟ್ಟಬ್ಯಾಡ. ಕೋಲು ಕೊಡು" ಎಂದರು ತಿರುಮಲಮ್ಮ.

"ಕೋಲು ಮುರದ್ರ ಏನ್ ಮಾಡ್ತೀರಿ, ಅಮ್ಮಾರ?"

"ಮಡಿಯಾಗೇ ಬೀಳ್ತೀನಿ. ಎಳಿ!"

ಅಂತೂ ಗವಿ ಸಿಕ್ಕಿತು. ಎರ್ರೆಪ್ಪ ಪಂಜು ಎತ್ತಿದ. ಬಂಡೆಯಲ್ಲಿ ಕೊರೆದ ಉದ್ದನೆಯ ಹಜಾರ, ಕಮಾನಿನಂತೆ ಬಾಗಿದ ಸೂರು, ಎರಡು ಸಾಲು ಕಂಬ. ಕೊನೆಯಲ್ಲಿ ಗೋಡೆ ಕುದುರೆ ಲಾಳದ ಹಾಗೆ ದುಂಡಗೆ ತಿರುಗಿತ್ತು. ಅಲ್ಲಿ ಗುಂಡನೆಯ ಕಲ್ಲಿನ ದಿಬ್ಬ, ಅದರ ನೆತ್ತಿಗೆ ಕಲ್ಲಿನ ಕೊಡೆ. ಶ್ರೀಪಾದನ ಕಣ್ಣಲ್ಲಿ ನೀರೇ ಬಂತು.

"ನಾವು ಇದಕ್ಕ ರಾಶಿ ದೇವ್ರು ಅಂತೀವ್ರಿ. ಕಣದಾಗಿನ ಭತ್ತದ ರಾಶಿ ಇದ್ದಂಗ ಐತಲ್ರಿ" ಎಂದ ಎರ್ರೆಪ್ಪ.

"ಮೂರ್ತಿ ಎಲ್ಲದೋ ಶ್ರೀಪಾದ?" ಎಂದರು ತಿರುಮಲಮ್ಮ.

"ಇದು ಸ್ತೂಪ, ಅತ್ತಿ. ಬುದ್ಧ ಹೋದಮ್ಯಾಲ ಅವನ ಅಸ್ಥಿ ಇಟ್ಟು ಇಂಥಾವು ಕಟ್ಟಿದ್ರಂತ. ಇದರ ಮುಂದ ನಿಂತ್ರ ಅವನ ಮುಂದ ನಿಂತಂಗ."

"ಅಸ್ಥಿ! ಕೃಷ್ಣ ಕೃಷ್ಣ!" ತಿರುಮಲಮ್ಮ ಹಿಂದೆ ಸರಿದರು. ಆಮೇಲೆ ಏನೋ ಹೊಳೆದು, "ಬುದ್ಧ ಅಂದ್ರ ದಶಾವತಾರದಾಗ ಬರ್ತಾನಲ್ಲ, ಅವನೇನು?"

"ಅವನೇ."

"ಹಂಗಾದ್ರ ಅಡ್ಡಿ ಇಲ್ಲ."

ಶ್ರೀಪಾದ ಟೇಪು ಬಿಚ್ಚಿ ಅಳೆಯತೊಡಗಿದ. ಒಂದೇ ಒಂದು ತಿಳಿಯಲೊಲ್ಲದು. ಕಂಬಕ್ಕೂ ಗೋಡೆಗೂ ನಡುವೆ ಓಣಿ ಬಿಟ್ಟಿದ್ದರು. ಅದು ಸ್ತೂಪದ ಹಿಂದೆ ಹಾದು ಈಚೆ ಬರುತ್ತಿತ್ತು. ಗಟ್ಟಿ ಬಂಡೆ ಕಡಿದು ಇಷ್ಟು ಜಾಗ ಯಾಕೆ ಹಾಳು ಮಾಡಿದರು? ದೊರೆ ಮೊದಲು ಕೇಳುವುದೇ ಇದನ್ನು.

ಅಷ್ಟರಲ್ಲಿ ತಿರುಮಲಮ್ಮ ಉಂಡೆಯ ಗಂಟು ಬಿಚ್ಚಿದರು.

ಬಾಗಿಲ ಬೆಳಕು ಮಾಯವಾಯಿತು. ಬುಸ್ ಎಂದು ಉಸಿರಿನ ಸದ್ದು.

"ಕರಡಿ! ಬಲಗಡಿ ಓಣ್ಯಾಗ ಓಡ್ರಿ!" ಎರ್ರೆಪ್ಪ ಕೂಗಿದ.

"ಲೇ, ಅಪ್ರದಕ್ಷಿಣ ಹಾಕ್ತೀಯೇನೋ! ದೇವ್ರು ಬಲಕ್ಕ ಇರಬೇಕು, ಎಡಗಡಿ ನಡಿ!" ತಿರುಮಲಮ್ಮ ಮಡಿ ಮರೆತು ಅವನ ಕೈಯನ್ನೇ ಹಿಡಿದು ಎಡಕ್ಕೆ ಎಳೆದರು.

ಮುಂದೆ ಅತ್ತೆ, ನಡುವೆ ಎರ್ರೆಪ್ಪ, ಹಿಂದೆ ಶ್ರೀಪಾದ, ಅವನ ಹಿಂದೆ ಕರಡಿ. ಸ್ತೂಪದ ಹಿಂಬದಿ ಸುತ್ತಿ ಬಾಗಿಲಿಗೆ ಬಂದರು.

"ಹೊರಗ ಬರ್ರಿ ಅತ್ತಿ!"

"ಒಂದೇ ಸುತ್ತಿಗೆ ಬಿಡ್ತಾರೇನೋ? ಮೂರಾಗಬೇಕು!"

ಮತ್ತೆ ಓಟ. ಎರಡನೇ ಸುತ್ತಿನಲ್ಲಿ ಏದುಸಿರು ಬಿಡುತ್ತ ಶ್ರೀಪಾದ ಬಲಕ್ಕೆ ನೋಡಿದ. ಪ್ರತಿ ಕಂಬದ ಸಂದಿನಲ್ಲೂ ಸ್ತೂಪ! "ಹೊಳೀತು! ಓಣಿ ಇರೋದೇ ಸುತ್ತಲಿಕ್ಕೆ!" ಎಂದು ಕಿರುಚಿದ.

ಆ ಖುಷಿಯಲ್ಲಿ ಕರಡಿಯನ್ನೇ ಮರೆತು, ಮೂರನೇ ಸುತ್ತಿಗೆ ಹೊರಟ ಅತ್ತೆಯನ್ನು ತಡೆಯಲು ಬಾಗಿಲಿನಿಂದ ಎದುರು ದಿಕ್ಕಿಗೆ ಓಡಿದ. ತಿರುವಿನಲ್ಲಿ ಕರಡಿಯೇ ಮುಖಾಮುಖಿ.

"ಗಂಟು ಒಗೀರಿ, ಅತ್ತಿ!"

ಕರಡಿಯ ಆಚೆಯಿಂದ ಉಂಡೆಯ ಗಂಟು ಹಾರಿ ಬಂತು. ಕರಡಿ ಅದನ್ನು ಹಜಾರದ ನಡುವಿಗೆ ಎಳೆದುಕೊಂಡು ಹೋಗಿ, ಅಲ್ಲಿ ಬಿದ್ದಿದ್ದ ಟೇಪಿನ ಮೇಲೆ, ಕಾಗದದ ಸುರುಳಿಯ ಮೇಲೆ ಕುಕ್ಕರಿಸಿತು. ತಿರುಮಲಮ್ಮ ಸದ್ದಿಲ್ಲದೆ ಮೂರನೇ ಸುತ್ತು ಮುಗಿಸಿ, ಕೈ ಮುಗಿದು, ಹೊರಗೆ ಬಂದರು.

ಕರಡಿಯ ಕೈಯಿಂದ ಕಾಗದ ತರುವ ಗಂಡು ಯಾರಿದ್ದಾನೆ? ಶ್ರೀಪಾದ ಗುಡ್ಡದ ಬುಡದಲ್ಲಿ ತನ್ನ ಶಲ್ಯ ಹಾಸಿ, ಪಂಜಿನ ಇದ್ದಿಲಿನಿಂದ ನೆನಪಿನ ಮೇಲೇ ಗೆರೆ ಎಳೆದ.

ಶುಕ್ರವಾರ ಸಂಜೆ ದೊರೆ ಆ ಶಲ್ಯವನ್ನು ಮೇಜಿನ ಮೇಲೆ ಹರಡಿಕೊಂಡರು. ಗುತ್ತಿಗೆದಾರ ಪಕ್ಕದಲ್ಲೇ ನಿಂತಿದ್ದ.

"ಈ ಓಣಿ ಯಾಕೆ?"

"ಸ್ತೂಪವನ್ನ ಬಲಕ್ಕ ಇಟ್ಕೊಂಡು ಸುತ್ತಲಿಕ್ಕೆ, ದೊರೆ. ಬರೀ ಕರಡಿ ಇರೋ ಗವಿಗೆ ಓಣಿ ಬೇಕಾಗೋದಿಲ್ಲ, ನಂಬಿ ಬರೋವರಿಗೆ ಬೇಕು. ಕಂಬ ಹೆಂಗ ನಿಲ್ಲಿಸ್ಯಾರಂದ್ರ, ನಡಿಯೋವಾಗ ಸ್ತೂಪ ಕಣ್ಣಿಂದ ಮರೆಯಾಗೋದಿಲ್ಲ. ನಾನೇ ಸುತ್ತಿ ನೋಡೀನಿ."

ದೊರೆ ಇದ್ದಿಲ ಗೆರೆಯ ಮೇಲೆ ಬೆರಳಿಟ್ಟು ಓಣಿಯನ್ನು ಒಮ್ಮೆ ಸುತ್ತಿದರು. "ಬೇರೆ ಗುಡ್ಡ ಹುಡುಕಿಕೋ" ಎಂದು ಗುತ್ತಿಗೆದಾರನನ್ನು ಕಳಿಸಿಬಿಟ್ಟರು. ಆಮೇಲೆ ಶ್ರೀಪಾದನ ಕಡೆ ತಿರುಗಿ, "ನಾನೂ ಬಂದು ನೋಡುತ್ತೇನೆ" ಎಂದರು.

ಶ್ರೀಪಾದನ ಕಣ್ಣು ದೊರೆಯ ಮಿರಿಮಿರಿ ಬೂಟಿನ ಮೇಲೆ ಬಿತ್ತು. ಹೇಳಿಯೇ ಬಿಟ್ಟ:

"ಬರ್ರಿ ದೊರೆ. ಆದ್ರ ಬೂಟು ಹೊರಗ ಬಿಡಬೇಕು. ಅದು ಗುಡಿ."

"ಆಗಲಿ" ಎಂದರು ದೊರೆ.